ಬಾಣಂತಿ ಕೂತಾಗ ಹತ್ತುವ ಕೆಂಪು ದೀಪ

ಹುಮನಾಬಾದಿನ ನನ್ನ ಮಗಳ ಮನೆಯಲ್ಲಿ ಎಲ್ಲರಿಗೂ ಬಿಸಿನೀರು ಸಿಗುತ್ತಿತ್ತು. ಅಳಿಯನಿಗೆ ಸಿಗುತ್ತಿತ್ತು, ಅವನ ತಾಯಿಗೆ ಅಂದರೆ ನನ್ನ ಬೀಗತಿಗೆ ಸಿಗುತ್ತಿತ್ತು, ಪಾಟಿಚೀಲ ಹೊತ್ತು ಸಾಲಿಗೆ ಹೊರಟ ಹಿರಿಯ ಮೊಮ್ಮಗಳಿಗೆ ಸಿಗುತ್ತಿತ್ತು, ನನಗೂ ಸಿಗುತ್ತಿತ್ತು. ಬಾಣಂತಿಯಾಗಿದ್ದ ನನ್ನ ಮಗಳು ಜಳಕಕ್ಕೆ ಮಣೆಯ ಮೇಲೆ ಕೂತಾಗ ಮಾತ್ರ ಗೋಡೆಯ ಮೇಲಿನ ಗ್ಯಾಸ್ ಗೀಸರಿನಲ್ಲಿ ಕೆಂಪು ದೀಪ ಮಿಣುಕುತ್ತಿತ್ತು, ಒಳಗಿನ ಉರಿ ಆರುತ್ತಿತ್ತು, ನಳದಲ್ಲಿ ತಣ್ಣೀರು ಬರುತ್ತಿತ್ತು. ಒಂದು ದಿನ ಹಾಗಾದರೆ ಯಂತ್ರ ಕೆಟ್ಟಿದೆ ಅನ್ನಬಹುದು. ದಿನವೂ ಅವಳೊಬ್ಬಳಿಗೇ ಹಾಗಾದರೆ ಯಂತ್ರ ಅನ್ನುವುದಕ್ಕೆ ನನಗೇನು ಹುಚ್ಚೇ?

ನಾನು ಬಸವಕಲ್ಯಾಣದವಳು. ಮಗಳ ಮೊದಲನೇ ಬಾಣಂತನ ನಮ್ಮ ಮನೆಯಲ್ಲೇ ಮಾಡಿದ್ದೆ. ಎರಡನೆಯದಕ್ಕೆ ಬಂದರೆ ಹಿರಿಯವಳ ಸಾಲಿ ತಪ್ಪುತ್ತದೆ ಎಂದು ಅವಳು ಗಂಡನ ಮನೆಯಲ್ಲೇ ಉಳಿದಳು. ಹಾಗಾದರೆ ನಾನೇ ಬರುತ್ತೇನೆ ಎಂದು ಅಂಟಿನುಂಡಿಯ ಡಬ್ಬಿ, ಅಳವಿ ಕಾಳು, ನಾಲ್ಕು ಸೀರೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಹೈವೇ ಹಿಡಿದ ಮೇಲೆ ಹುಮನಾಬಾದ್ ಏನು ದೂರ? ಪಕ್ಕದವಳ ಜೊತೆ ಮಾತು ಮುಗಿಯುವುದರೊಳಗೆ ಬಂದುಬಿಡುತ್ತದೆ. ಆದರೆ ಬೀಗರ ಮನೆಯಲ್ಲಿ ಬಾಣಂತನ ಮಾಡುವುದು ಬೇರೆಯವರ ಒಲೆಯ ಮುಂದೆ ಕೂತು ರೊಟ್ಟಿ ಬಡಿದಂತೆ. ಉರಿ ಅವರದು, ಹಿಟ್ಟು ನನ್ನದು, ಸುಟ್ಟರೆ ಹೆಸರು ನನಗೆ.

ಕೂಸು ಮತ್ತೆ ಹೆಣ್ಣಾಗಿತ್ತು. ಆಸ್ಪತ್ರೆಯಲ್ಲಿ ಬೀಗತಿ ‘ಲಕ್ಷ್ಮಿ ಬಂದಾಳ’ ಅಂದಳು. ಬಾಯಿ ಹಾಗೆ ಅಂದಿತು. ನಾನು ನೋಡಿದ್ದು ಮುಖವನ್ನು. ಅಂದಿನಿಂದ ಆ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳದ ಸಪ್ಪಳವಾದರೂ ನನ್ನ ಕಿವಿ ಅತ್ತಲೇ. ಮಗಳ ತಾಟಿಗೆ ತುಪ್ಪ ಕಡಿಮೆ ಬಿತ್ತೇ? ಹಾಲಿಗೆ ನೀರು ಸೇರಿತೇ? ತುಪ್ಪ ಸರಿಯಾಗಿಯೇ ಬೀಳುತ್ತಿತ್ತು, ಹಾಲು ಗಟ್ಟಿಯಾಗಿಯೇ ಇತ್ತು. ಆದರೂ ಹುಡುಕುವವಳಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ನನಗೆ ಸಿಕ್ಕಿದ್ದು ಆ ಕೆಂಪು ದೀಪ.

ನಮ್ಮ ಮನೆಯಲ್ಲಿ ಇನ್ನೂ ಹಂಡೆ ಇದೆ. ಅದಕ್ಕೆ ದೀಪವೂ ಇಲ್ಲ, ಸಿಟ್ಟೂ ಇಲ್ಲ. ಈ ಗೀಸರ್ ಅನ್ನುವುದು ಬಚ್ಚಲಿನ ಗೋಡೆಗೆ ಬಿಗಿದ ಬಿಳಿ ತಗಡಿನ ಡಬ್ಬಿ. ಸಿಲಿಂಡರ್ ಹೊರಗೆ ಅಂಗಳದಲ್ಲಿರುತ್ತದೆ. ಅದರ ಪೈಪು ಗೋಡೆ ತೂರಿ ಒಳಗೆ ಬರುತ್ತದೆ. ನಳ ತಿರುವಿದರೆ ಡಬ್ಬಿಯೊಳಗೆ ಟಕಟಕ ಸಪ್ಪಳವಾಗಿ ಭಗ್ಗೆಂದು ಉರಿ ಹತ್ತುತ್ತದೆ. ಉರಿ ಕಾಣಲೆಂದು ಸಣ್ಣದೊಂದು ಗಾಜು. ಅದರ ಕೆಳಗೆ ಜೋಳದ ಕಾಳಿನಷ್ಟು ಎರಡು ದೀಪ. ‘ಉರಿ ಇದ್ರ ಹಸರ, ಏನರ ಕೆಟ್ರ ಕೆಂಪ. ಅಷ್ಟ ಅತ್ತಿ’ ಎಂದು ಅಳಿಯ ಹೇಳಿದ್ದ. ಯಾರಾದರೂ ಅಷ್ಟೇ ಅಂದರೆ ನಾನು ಇನ್ನಷ್ಟು ನೋಡುತ್ತೇನೆ.

ಬಾಣಂತಿಯ ಜಳಕವೆಂದರೆ ಎರಡು ಚರಿಗೆ ಸುರುವಿಕೊಂಡು ಬರುವುದಲ್ಲ. ಮೈಗೆಲ್ಲ ಎಣ್ಣೆ ತಿಕ್ಕಿ, ಬೆನ್ನು ಸೊಂಟ ಕೆಂಪಾಗುವವರೆಗೆ ಸುಡುನೀರು ಹಾಕಬೇಕು. ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಗಾಳಿ ಸೋಕಬಾರದು. ಹಸಿಮೈಗೆ ಗಾಳಿ ತಾಗಿದರೆ ಮುಪ್ಪಿನಲ್ಲಿ ಸೊಂಟ ಹಿಡಿಯುತ್ತದೆ, ಕಿವಿ ಮಂದವಾಗುತ್ತದೆ ಎಂದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಬೀಗತಿ ಈ ವಿಷಯದಲ್ಲಿ ನನಗಿಂತ ಗಟ್ಟಿ. ಮಗಳು ಒಳಗೆ ಹೋಗುವ ಮುಂಚೆ ಸ್ಟೂಲ್ ಹತ್ತಿ ಮೇಲಿನ ಗಾಳಿಕಿಂಡಿಗೆ ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಕೌದಿಯ ತುಂಡನ್ನು ಬಿಗಿಯಾಗಿ ತುರುಕುತ್ತಿದ್ದಳು. ನಾವಿಬ್ಬರೂ ಬಾಗಿಲು ಹಾಕಿಕೊಂಡ ಮೇಲೆ ಹೊರಗಿನಿಂದ ಬಾಗಿಲ ಬುಡಕ್ಕೆ ಗೋಣಿತಟ್ಟು ಒತ್ತುತ್ತಿದ್ದಳು. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಅವಳು ಮಾಡದಿದ್ದರೆ ನಾನೇ ಮಾಡುತ್ತಿದ್ದೆ.

ನನ್ನ ಶಕ್ ಬೇರೆ ಕಡೆ ಇತ್ತು. ಬಾಗಿಲು ಹಾಕಿದ ಮೇಲೆ ಸಿಲಿಂಡರಿನ ಹತ್ತಿರ ಉಳಿಯುವವಳು ಅವಳೊಬ್ಬಳೇ.

"ಬೀಗ್ತೇರ, ಗ್ಯಾಸ್ ಬಂದ್ ಮಾಡೀರೇನ್ರಿ?" ಒಂದು ದಿನ ಒಳಗಿನಿಂದಲೇ ಕೂಗಿದೆ.

"ನಾ ಯಾಕ ಬಂದ್ ಮಾಡ್ಲಿ?" ಅವಳೂ ಅಷ್ಟೇ ಜೋರಾಗಿ ಅಂದಳು. "ನೀವ ಏನರ ತಿರುವೀರಿ ನೋಡ್ರಿ. ಅದು ನಿಮ್ಮ ಕಲ್ಯಾಣದ ಹಂಡೆ ಅಲ್ರಿ."

"ಹಂಡೆ ಛಲೋ ಇತ್ರಿ. ಯಾರ ಕೂತಾರ ಅಂತ ಮಾರಿ ನೋಡಿ ನೀರ ಕೊಡ್ತಿದ್ದಿಲ್ಲ."

"ಅಂದ್ರ?"

"ಅಂದ್ರ ಏನಿಲ್ರಿ. ನೀರ ತಣ್ಣಗಾಗಾಕತ್ತದ."

ಮಣೆಯ ಮೇಲೆ ಕೂತಿದ್ದ ಮಗಳು ನನ್ನ ಮೊಣಕಾಲು ಹಿಂಡಿದಳು. "ಯವ್ವಾ, ಬಾಯಿ ಮುಚ್ಚು. ನೀ ಬಸ್ ಹತ್ತಿ ಹೋಗಾಕಿ. ನಾ ಇಲ್ಲೇ ಇರಾಕಿ."

ಆ ಸಂಜೆ ಅಳಿಯ ಹೊಸ ಸೆಲ್ ತಂದ. ಗೀಸರಿಗೆ ಕಿಡಿ ಹಾರಿಸಲು ಬುಡದಲ್ಲಿ ಎರಡು ಸೆಲ್ ಇರುತ್ತವೆ, ಅವು ಇಳಿದರೂ ಕೆಂಪು ಹತ್ತುತ್ತದೆ ಅಂದ. ಹಳೆಯ ಸೆಲ್ ನಿಜವಾಗಿಯೂ ಇಳಿದಿದ್ದವು. ತೆಗೆಯುವ ಮುಂಚೆ ಒಮ್ಮೆ ನಳ ತಿರುವಿ ತೋರಿಸಿದ. ಕೆಂಪು ದೀಪ ಹತ್ತಿತು, ಆರಿತು. ತೂಕಡಿಸುವವನ ಕಣ್ಣಿನ ಹಾಗೆ, ಸಾವಕಾಶ. ನನಗೆ ಆಗಲೇ ಅನುಮಾನ ಬಂತು. ಮಗಳು ಕೂತಾಗ ಕಾಣುತ್ತಿದ್ದ ಮಿಣುಕು ಹೀಗಿರಲಿಲ್ಲ. ಅದು ಅವಸರದ ಮಿಣುಕು. ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಬಡಿಯುವವರ ಹಾಗೆ. ಅಳಿಯನಿಗೆ ಹೇಳಿದೆ. ‘ಕೆಂಪ ಅಂದ್ರ ಕೆಂಪ ಅತ್ತಿ, ಅದರಾಗ ಎರಡ ನಮೂನಿ ಇರ್ತಾವೇನು?’ ಎಂದು ನಕ್ಕ. ಮರುದಿನ ಹೊಸ ಸೆಲ್ ಮೇಲೆಯೂ ಅದೇ ಅವಸರದ ಕೆಂಪು.

ನಾನು ಒಂದು ಉಪಾಯ ಮಾಡಿದೆ. ‘ಮೊಣಕಾಲ ಹಿಡದಾವ್ರಿ, ಇವತ್ತ ನೀವ ನೀರ ಹಾಕ್ರಿ’ ಎಂದು ಬೀಗತಿಯನ್ನು ಒಳಗೆ ಕಳಿಸಿದೆ. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಬಾಗಿಲ ಬುಡಕ್ಕೆ ಗೋಣಿತಟ್ಟು ನಾನೇ ಒತ್ತಿ, ಅಂಗಳದಲ್ಲಿ ಸಿಲಿಂಡರಿನ ಪಕ್ಕ ಹೊಲ ಕಾಯುವವಳ ಹಾಗೆ ಕೂತೆ. ಅಳಿಯ ಕೆಲಸಕ್ಕೆ ಹೋಗಿದ್ದ. ಸಿಲಿಂಡರ್ ಮುಟ್ಟುವವರು ಯಾರೂ ಇರಲಿಲ್ಲ. ಇವತ್ತು ನೀರು ಬಿಸಿಯಾಗಿಯೇ ಬಂದರೆ ಕಳ್ಳಿ ಸಿಕ್ಕಳು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೀಗತಿಯ ದನಿ ಬಂತು. "ಬೀಗ್ತೇರ! ಗ್ಯಾಸ್ ಬಂದ್ ಮಾಡೀರೇನ್ರಿ?"

ನಾನು ಸಿಲಿಂಡರ್ ನೋಡಿದೆ. ಅದು ನನ್ನನ್ನು ನೋಡಿತು.

ಅಲ್ಲಿಗೆ ಅವಳ ಮೇಲಿನ ಶಕ್ ಅರ್ಧ ಕಡಿಮೆಯಾಯಿತು. ಪೂರ್ತಿ ಕಡಿಮೆ ಮಾಡಿಕೊಳ್ಳುವ ಅಭ್ಯಾಸ ನನಗಿಲ್ಲ.

ಆಮೇಲೆ ಮೆಕ್ಯಾನಿಕ್ ಬಂದ. ನಡುವಯಸ್ಸಿನವನು, ಬಾಯಲ್ಲಿ ಗುಟ್ಕಾ, ಕೈಯಲ್ಲಿ ಒಂದೇ ಸ್ಕ್ರೂಡ್ರೈವರ್. ಮಗಳ ಜಳಕ ಮುಗಿದು ಬಹಳ ಹೊತ್ತಾಗಿತ್ತು. ಕೌದಿಯ ತುಂಡು ಹಗ್ಗದ ಮೇಲೆ ಒಣಗುತ್ತಿತ್ತು, ಬಚ್ಚಲ ಬಾಗಿಲು ಹಾರುಹೊಡೆದಿತ್ತು. ಅವನು ನಳ ತಿರುವಿದ. ಹಸಿರು ದೀಪ. ಬಕೀಟು ತುಂಬಿತು, ಇನ್ನೊಂದು ತುಂಬಿತು. ಹಸಿರೇ.

"ನೋಡ್ರಿ ಆಯಿ, ಮಸ್ತ್ ನಡ್ಯಾಕತ್ತದ. ಮಷಿನ್ದಾಗ ಏನೂ ಇಲ್ಲ."

"ಹಂಗಾರ ನನ್ನ ಮಗಳ ಮೈಯಾಗ ಏನರ ಅದೇನಪ್ಪ?"

ಅವನು ನಕ್ಕು ಹೊರಗೆ ಹೋಗಿ ಉಗುಳಿ ಬಂದ. "ಇದರಾಗ ಒಂದು ಸೆನ್ಸರ್ ಇರ್ತದ ಆಯಿ. ಭಾಳ ನಾಜೂಕ. ಜರಾ ಉಗಿ ತುಂಬಿದ್ರೂ ಅಂಜಿ ಉರಿ ಬಂದ್ ಮಾಡ್ತದ. ಅದನ್ನ ಬಿಟ್ಟು ವೈರ್ ನೆಟ್ಟಗ ಕೂಡಿಸಿಬಿಟ್ರ ಮುಗೀತು. ಮತ್ತ ಕೆಂಪ ದೀಪದ ಮಾರಿ ನೋಡಂಗಿಲ್ಲ ನೀವು."

"ಅದು ಯಾತಕ್ಕ ಅಂಜಾಕತ್ತದ ಅಂತ ನೋಡ್ದಿ?"

"ಮಷಿನ್‌ಗಿ ಏನ್ ಕೇಳೋದು ಆಯಿ? ಬಾಣಂತಿಗಿ ಬಿಸಿನೀರ ಬೇಕೋ, ಕೆಂಪ ದೀಪಾ ಬೇಕೋ, ಹೇಳ್ರಿ."

"ದೀಪದ ಪಂಚಾಯ್ತಿ ಸಾಕಾಗೇದ. ಕೂಡಿಸಿಬಿಡಪ್ಪ," ಅಂದಳು ಬೀಗತಿ.

ಅಳಿಯನೂ ಹೂಂ ಅಂದ. ನನಗೆ ಅದು ಸರಿಬರಲಿಲ್ಲ. ಕೂಗುತ್ತಿದ್ದವರ ಬಾಯಿ ಕಟ್ಟಿ ‘ಈಗ ನೋವಿಲ್ಲ’ ಅಂದ ಹಾಗೆ ಕಂಡಿತು. ಆದರೆ ಯಾಕೆ ಬೇಡ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಏನಿತ್ತು? ನಾನು ಓದಿದ್ದು ಮೂರನೇ ಇಯತ್ತೆ. ಬೀಗರ ಮನೆಯಲ್ಲಿ, ಬೀಗರ ಗೀಸರಿನ ಬಗ್ಗೆ, ಬರೀ ನನ್ನ ಮನಸ್ಸಿಗೆ ಬರುತ್ತಿಲ್ಲ ಎಂದರೆ ಯಾರು ಕೇಳುತ್ತಾರೆ? ಅವನು ಡಬ್ಬಿ ಬಿಚ್ಚಿ, ಏನೋ ಕತ್ತರಿಸಿ, ಏನೋ ಹೊಸೆದು, ಮತ್ತೆ ಮುಚ್ಚಿದ. ನಾನು ಕೂಸಿನ ಬಟ್ಟೆ ಮಡಚುತ್ತ ಕೂತೆ.

ಮರುದಿನ ಎಂದಿನಂತೆ ಮೊದಲು ಕೂಸಿಗೆ ನೀರು ಹಾಕಿ ಅದನ್ನು ಅಳಿಯನ ಕೈಗೆ ಕೊಟ್ಟೆ. ಆಮೇಲೆ ಮಗಳು ಕೂತಳು. ಬೀಗತಿ ಹಿಂದಿನ ದಿನಕ್ಕಿಂತ ಬಿಗಿಯಾಗಿ ಕೌದಿ ತುರುಕಿದಳು, ಗೋಣಿತಟ್ಟು ಒತ್ತಿದಳು. ‘ಇವತ್ತ ಮನಸ್ಸ ತೃಪ್ತಿ ಆಗೂ ಹಂಗ ಹಾಕ್ರಿ’ ಎಂದು ಹೊರಗಿನಿಂದ ಕೂಗಿದಳು. ನೀರು ಸುಡುತ್ತಾ ಬಂತು. ದಿನವೂ ಕೆಂಪು ಹತ್ತುವ ಹೊತ್ತಾಯಿತು, ಹತ್ತಲಿಲ್ಲ. ಹಸಿರೇ ಇತ್ತು. ಮಗಳ ಬೆನ್ನಿಗೆ ಮತ್ತೆ ಎರಡು ಚರಿಗೆ ಹಾಕಿದೆ. ಹಸಿರೇ.

ನನ್ನ ಕಣ್ಣು ಬೆನ್ನಿನ ಮೇಲಿರಲಿಲ್ಲ, ಡಬ್ಬಿಯ ಮೇಲಿತ್ತು. ಒಳಗಿನ ಉರಿ ದಿನವೂ ನೀಲಿ ಇರುತ್ತಿತ್ತು. ಅವತ್ತು ಅದರ ತುದಿ ಹಳದಿಯಾಗಿ, ಎಣ್ಣೆ ತೀರಿದ ಬತ್ತಿಯ ಹಾಗೆ ತೂಗಾಡುತ್ತಿತ್ತು. ಉರಿ ಸರಿಯಿಲ್ಲ, ದೀಪ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಇದು ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ತಲೆಯೂ ಭಾರವಾಗಿತ್ತು. ಉಗಿಗೆ ಹೀಗಾಗಿರಬೇಕು ಅಂದುಕೊಳ್ಳುವಾಗಲೇ ಮಗಳು "ಯವ್ವಾ, ತಲಿ ಗಿಮ್ಮ್ ಅನ್ನಾಕತ್ತದ" ಅಂದಳು. ಹಾಗೆಂದವಳು ಗೋಡೆಗೆ ತಲೆ ಕೊಟ್ಟಳು. ದಿನವೂ ನೆಟ್ಟಗೆ ಕೂರುವ ಹುಡುಗಿ, ನೀರು ಮುಖದ ಮೇಲೆ ಬಿದ್ದರೂ ಕಣ್ಣು ತೆರೆಯಲಿಲ್ಲ.

ನನ್ನ ತವರು ಘಾಟಬೋರಾಳ. ನಮ್ಮ ಮನೆಯ ಮುಂದೆ ಹಗೇವು ಇತ್ತು. ಜೋಳ ತುಂಬಿ ಮುಚ್ಚಿಡಲು ನೆಲದೊಳಗೆ ಬಾವಿಯ ಹಾಗೆ ತೋಡಿದ ಕಣಜ. ಅದರ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಯಲು ನಮ್ಮಪ್ಪ ಬಿಡುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಕಂದೀಲು ಉರಿಯುತ್ತಿದ್ದರೆ ಆಳು ಇಳಿಯುತ್ತಿದ್ದ. ಆರಿದರೆ ಬಾಯಿ ತೆರೆದಿಟ್ಟು ಎಲ್ಲರೂ ಮನೆಗೆ ಬರುವುದು. ‘ದೀಪಕ್ಕ ಉಸರ ಸಾಲದ ಕಡಿ ಮನಷ್ಯಾಗ ಸಾಲ್ತದೇನು?’ ಅನ್ನುತ್ತಿದ್ದ.

ಬಚ್ಚಲಿನಲ್ಲಿ ಇಷ್ಟನ್ನೆಲ್ಲ ಕೂತು ನೆನೆಯಲಿಲ್ಲ. ಹಗ್ಗದ ತುದಿಯ ಕಂದೀಲೊಂದೇ ಕಣ್ಣಿಗೆ ಕಟ್ಟಿತು, ಅಷ್ಟೇ ಸಾಕಾಯಿತು. ಆ ಕೆಂಪು ದೀಪ ನಮ್ಮಪ್ಪನ ಕಂದೀಲಾಗಿತ್ತು. ನಾವು ಕಿಂಡಿ ಮುಚ್ಚುತ್ತಿದ್ದುದು ಮಗಳೊಬ್ಬಳ ಜಳಕಕ್ಕೆ. ಇಲ್ಲಿ ಉಸಿರು ಸಾಲದು, ಹೊರಗೆ ಬನ್ನಿ ಎಂದು ದಿನವೂ ಕೂಗಿ ಉರಿಯನ್ನು ತಾನೇ ಆರಿಸುತ್ತಿತ್ತು. ನಾವು ಅದರ ಬಾಯಿ ಕಟ್ಟಿ, ಹಗೇವಿನ ಬಾಯಿ ಮುಚ್ಚಿಕೊಂಡು ಒಳಗೆ ಕೂತಿದ್ದೆವು.

ಚರಿಗೆ ಬಿಸಾಡಿ ನಳ ತಿರುವಿದೆ. ಉರಿ ಆರಿತು. ಎದ್ದರೆ ಕಾಲು ನನ್ನವಲ್ಲ. ಗೋಡೆ ಹಿಡಿದು ಚಿಲಕ ತೆಗೆದು ಬಾಗಿಲು ನೂಕಿದೆ; ಗೋಣಿತಟ್ಟು ಅಡ್ಡ ಬಂತು. ಭುಜ ಕೊಟ್ಟು ನೂಕಿದೆ. ಬಾಗಿಲು ತೆರೆಯಿತು, ನಾನು ಅರ್ಧ ಹೊರಗೆ ಬಿದ್ದೆ.

"ಅಯ್ಯ ಅಯ್ಯ, ಹಸಿಮೈ ಅದ! ಗಾಳಿ ತಾಗ್ತದ, ಬಾಗಲಾ ಹಾಕ್ರಿ!" ಬೀಗತಿ ಓಡಿ ಬಂದಳು.

"ಗಾಳೀನ ತಾಗಬೇಕಾಗ್ಯಾದ! ಮೊದಲ ಅಕೀನ ಎಳೀರಿ!"

ಬೀಗತಿ ಮಗಳ ಮುಖ ನೋಡಿದಳು. ಸೀರೆಯ ಸೆರಗನ್ನು ಮಗಳಿಗೆ ಸುತ್ತಿ, ಕಂಕುಳಿಗೆ ಕೈಕೊಟ್ಟು, ನನ್ನನ್ನು ದಾಟಿಕೊಂಡು ಒಬ್ಬಳೇ ಅಂಗಳಕ್ಕೆ ಎಳೆದು ತಂದಳು. ಅಷ್ಟು ಕಸುವು ಅವಳಲ್ಲಿ ಎಲ್ಲಿತ್ತೋ. ಅಂಗಳದ ಗಾಳಿಗೆ ಮಗಳು ಕಣ್ಣು ತೆರೆದಳು, ಕಾರಿಕೊಂಡಳು. ಅಳಿಯ ಕೂಸನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ಆಟೋ ತರಲು ಓಡಿದ.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಗಳಿಗೆ ಉಸಿರು ಕೊಟ್ಟರು, ನನಗೂ ಕೊಟ್ಟರು. ಡಾಕ್ಟರಮ್ಮ ನನ್ನ ಮಾತೆಲ್ಲ, ಅಪ್ಪನ ಕಂದೀಲಿನ ಮಾತನ್ನೂ ಕೇಳಿದಳು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಹುಟ್ಟುವ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ ಅಂದಳು. "ಕಂದೀಲ ಆರೋದಕ್ಕಿಂತ ಮೊದಲ ಮನಷ್ಯಾ ಆರ್ತಾನ ಆಯಿ. ಅದಕ್ಕ ಆ ಸೆನ್ಸರ್ ಇಟ್ಟಿರ್ತಾರ. ಅದರ ವೈರ್ ಯಾರ ಮುಟ್ಟಿದ್ರು?"

ಅಳಿಯ ನೆಲ ನೋಡಿದ. ಬೀಗತಿ ಮಾಡು ನೋಡಿದಳು.

ಮಗಳು ಮಲಗಿದ ಮೇಲೆ ನಾವಿಬ್ಬರೂ ಹೊರಗಿನ ಬಾಕಿನ ಮೇಲೆ ಕೂತೆವು. ಮಾತು ಅವಳೇ ಶುರು ಮಾಡಿದಳು.

"ನಿಮಗ ನನ್ನ ಮ್ಯಾಲ ಶಕ್ ಇತ್ತು. ಹೌದಲ್ಲ?"

"ಇತ್ರಿ."

"ಸಿಲಿಂಡರ್ ಬಾಜೂ ಕೂತಿದ್ರಿ, ಮೊಣಕಾಲ ನೆವಾ ಹೇಳಿ."

"ಕೂತಿದ್ದೆ."

"ಎರಡನೇದೂ ಹೆಣ್ಣಾತಂತ ಸೊಸಿಗಿ ತಣ್ಣೀರ ಹಾಕಸ್ತಾಳ ಅಂತ ತಿಳದ್ರಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗಂಡಾಗಿದ್ರ ಛಲೋ ಇತ್ತಂತ ನನ್ನ ಮನಸ್ಸಿನ್ಯಾಗ ಬಂದಿತ್ತು. ಸುಳ್ಳ ಯಾಕ ಹೇಳ್ಲಿ. ಆದ್ರ ಕೌದಿ ತುರಕಿದ್ದು ಅಕಿ ಸೊಂಟ ಉಳೀಲಿ ಅಂತ."

"ಗೊತ್ತಾತ್ರಿ," ಅಂದೆ. "ಹೆಚ್ಚ ಉಳಸಾಕ ಹೋಗಿದ್ರಿ."

ಅವಳು ನನ್ನ ಕಡೆ ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಎದ್ದು ಹೋಗಿ ಎರಡು ಚಹಾ ತಂದಳು.

ಅಳಿಯ ಬೇರೊಬ್ಬ ಮೆಕ್ಯಾನಿಕನನ್ನು ಕರೆತಂದು ವೈರ್ ಸರಿಮಾಡಿಸಿದ. ಸರಿಯಾಗಿದೆ ಎಂದು ಅವನು ಹೇಳಿದರೆ ನಾನು ನಂಬಬೇಕಲ್ಲ? ಹಿಂದಿನವನೂ ಸರಿಯಾಗಿದೆ ಅಂದಿದ್ದ. ಕಿಂಡಿಗೆ ಕೌದಿ ತುರುಕಿಸಿ, ಒಳಗೆ ಯಾರೂ ಇಲ್ಲದೆ ನಳ ಬಿಡಿಸಿ, ಬಾಗಿಲು ಹಾಕಿಸಿ, ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದೆ. ಬಾಗಿಲಿನ ಸಂದಿಯಿಂದ ನಾನೇ ನೋಡುತ್ತಿದ್ದೆ. ಹಸಿರು, ಹಸಿರು, ಹಸಿರು. ಆಮೇಲೆ ಅವಸರದ ಕೆಂಪು ಬಂತು, ಉರಿ ಆರಿತು. ಆ ದೀಪ ಕಂಡು ಇಷ್ಟು ದಿನ ಬೈದಿದ್ದೆ. ಅವತ್ತು ‘ಶಾಬಾಸ್’ ಅಂದೆ. ಬಾಗಿಲು ತೆರೆದಿಟ್ಟು ಗಾಳಿ ಆಡಿದ ಮೇಲೆಯೇ ಒಳಗೆ ಕಾಲಿಟ್ಟೆವು.

ಅಷ್ಟಾದರೂ ಅದನ್ನು ಒಳಗೆ ಬಿಡಲಿಲ್ಲ. ಗೀಸರನ್ನು ಕಿತ್ತು ಅಂಗಳದ ಕಡೆಯ ಗೋಡೆಗೆ ಬಿಗಿಸಿದೆವು. ಉರಿ ಹೊರಗೆ, ಬಿಸಿನೀರಿನ ಪೈಪು ಮಾತ್ರ ಒಳಗೆ. ಬಾಣಂತಿಗೆ ಗಾಳಿ ಬೇಡ, ಬೆಂಕಿಗೆ ಗಾಳಿ ಬೇಕು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಆಗುವುದಿಲ್ಲ. ಬೀಗತಿ ಮತ್ತೆ ಕೌದಿ ತುರುಕತೊಡಗಿದಳು. ಈಗ ತುರುಕಲಿ. ಮಗಳು ಕೂರುವ ಮುಂಚೆ ನಳ ಬಿಡಿಸಿ, ಅಂಗಳಕ್ಕೆ ಹೋಗಿ ದೀಪ ನೋಡುವುದು, ಉರಿ ನೀಲಿ ಇದೆಯೇ ಎಂದು ನೋಡುವುದು ನನ್ನ ಕೆಲಸವಾಯಿತು. ಹಸಿರು ದೀಪ ಹೇಳುವುದು ಉರಿಯ ಸುದ್ದಿ ಮಾತ್ರ. ಮನುಷ್ಯರ ಸುದ್ದಿ ನಾವೇ ನೋಡಿಕೊಳ್ಳಬೇಕು.

ಬಾಣಂತನ ಮುಗಿಸಿ ಕಲ್ಯಾಣಕ್ಕೆ ಬಂದೆ. ಮಳೆ ಶುರುವಾದಾಗ ಒಂದು ಸಂಜೆ ಬೀಗತಿಯ ಫೋನ್ ಬಂತು. ಎಲ್ಲರ ಸುದ್ದಿ ಹೇಳಿ, ಕಡೆಗೆ ಅಂದಳು: "ಮಳಿ ಭಾಳ ಹೊಡ್ಯಾಕತ್ತದ್ರಿ. ಗೀಜರ್ ತೋಯ್ತದಂತ ಅದಕ್ಕ ನನ್ನ ಕೌದಿ ಸುತ್ತೀನಿ. ಬಿಗಿಯಾಗಿ."

ಉರಿಗೆ ಕೌದಿ ಸುತ್ತುವ ಹೆಂಗಸು! "ಬಿಚ್ರಿ ಮೊದಲ!" ಎಂದು ಕೂಗುವುದರೊಳಗೆ ಫೋನ್ ಇಟ್ಟುಬಿಟ್ಟಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಗಳಿಗೆ ಹಚ್ಚಿದೆ. ‘ನನಗೇನ್ ಗೊತ್ತಿಲ್ಲವ್ವಾ, ನಿಮ್ಮ ನಿಮ್ಮ ಪಂಚಾಯ್ತಿ’ ಅಂದಳು. ದನಿಯಲ್ಲಿ ನಗು ಇದ್ದ ಹಾಗಿತ್ತು. ನಗುವನ್ನೂ ನಾನು ಅಷ್ಟು ಬೇಗ ನಂಬುವವಳಲ್ಲ. ಬೆಳಗಾದ ಕೂಡಲೇ ಬಸ್ಸು ಹತ್ತಿದೆ.

ಅಂಗಳಕ್ಕೆ ಕಾಲಿಟ್ಟು ಮೊದಲು ಗೋಡೆ ನೋಡಿದೆ. ಗೀಸರಿನ ಮೇಲೆ ಹೊಸ ತಗಡಿನ ಮಾಡು ಇತ್ತು, ಎರಡೂ ಕಡೆ ಗಾಳಿಯಾಡುವಷ್ಟು ಜಾಗ ಬಿಟ್ಟಿದ್ದರು. ಕೌದಿ ಪಡಸಾಲೆಯಲ್ಲಿತ್ತು, ಅದರ ಮೇಲೆ ಕೂಸು ಬೋರಲಾಗಿ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ಬೀಗತಿ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು.

"ಕೂಸು ಬೋರಲ ಬಿದ್ದು ಎಂಟ ದಿನ ಆತು. ನೆಟ್ಟಗ ಕರದ್ರ ನೀವ ಬರ್ತಿದ್ರೇನ್ರಿ?"

"ನೀರ ಬಿಡ್ರಿ," ಅಂದೆ.

"ಚಾ ಕುಡೀರಿ ಮೊದಲ."

"ನೀರ ಬಿಡ್ರಿ. ನೋಡ್ತೀನಿ."

ಅವಳು ಗೊಣಗುತ್ತ ಬಚ್ಚಲಿಗೆ ಹೋಗಿ ನಳ ತಿರುವಿದಳು. ಟಕಟಕ ಅಂದಿತು, ಭಗ್ಗೆಂದಿತು. ದೀಪ ಹಸಿರು. ಬಗ್ಗಿ ಗಾಜಿನೊಳಗೆ ನೋಡಿದೆ. ಉರಿ ನೀಲಿ. ಆಮೇಲೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೂಸನ್ನು ಎತ್ತಿಕೊಳ್ಳಲು ಒಳಗೆ ಹೋದೆ.